ಅಮೆರಿಕಕ್ಕೆ ಓದಲು ಬರುವಾಗ ಸಂಸಾರವನ್ನೂ ಕರೆತರಬೇಕಾ? ಎಫ್-2ನಲ್ಲಿ ಬಂದವಳ ಮಾತು

ಎಲ್ಲರಿಗೂ ನಮಸ್ಕಾರ. ಈ ಫಾಲ್‌ಗೆ (ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ) ಮಾಸ್ಟರ್ಸ್, ಪಿಎಚ್‌ಡಿ ಆಫರ್ ಬಂದಿರುವ ಕೆಲವರು ಇಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. ಹೆಂಡತಿ ಅಥವಾ ಗಂಡ, ಮಗು ಎಲ್ಲರೂ ಒಟ್ಟಿಗೆ ಬರೋದಾ, ಇಲ್ಲ ಮೊದಲು ಒಬ್ಬರೇ ಬರೋದಾ? ಇಲ್ಲಿಯವರೆಗೆ ಬಂದ ಉತ್ತರಗಳೆಲ್ಲ ಓದಲು ಬಂದವರದ್ದು. ನಾನು ಎಫ್-2 ವೀಸಾದಲ್ಲಿ, ಅಂದರೆ ಓದಲು ಬರುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾದಲ್ಲಿ, ಪುಟ್ಟ ಮಗಳನ್ನು ಎತ್ತಿಕೊಂಡು ಗಂಡನ ಜೊತೆ ಬಂದವಳು. ಆ ಕಡೆಯಿಂದ ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಿಎಚ್‌ಡಿಗೆ ಸ್ಟೈಪೆಂಡ್ (ಖರ್ಚಿಗೆ ಯೂನಿವರ್ಸಿಟಿ ಕೊಡುವ ದುಡ್ಡು) ಸಮೇತ ಆಫರ್ ಬಂದಿದ್ದರೆ ಒಟ್ಟಿಗೆ ಬನ್ನಿ. ಕೈ ಬಿಗಿ ಹಿಡಿಯಬೇಕಾಗುತ್ತದೆ, ಆದರೆ ಐದಾರು ವರ್ಷ ಮಗುವನ್ನು ಬಿಟ್ಟಿರೋಕೆ ಆಗಲ್ಲ. ಸಾಲ ಮಾಡಿ ಎರಡು ವರ್ಷದ ಮಾಸ್ಟರ್ಸ್‌ಗೆ ಬರುವವರು ಮೊದಲ ಸೆಮಿಸ್ಟರ್ ಒಬ್ಬರೇ ಬಂದು ನೆಲೆ ನೋಡಿಕೊಳ್ಳಿ. ಎಫ್-2ನಲ್ಲಿ ಇರುವವರು ಸಂಬಳಕ್ಕೆ ಕೆಲಸ ಮಾಡುವಂತಿಲ್ಲ, ಕ್ಯಾಂಪಸ್ ಒಳಗೂ ಇಲ್ಲ. ಓದುವವರಿಗೂ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ, ಅದೂ ಕ್ಯಾಂಪಸ್‌ನಲ್ಲಿ. ಟ್ಯೂಷನ್ ಫೀಸಿನ ಮಾತು ಬಿಡಿ, ಆ ದುಡ್ಡು ಮೂರು ಜನರ ಬಾಡಿಗೆ, ಇನ್ಶೂರೆನ್ಸ್‌ಗೇ ಸಾಲುವುದಿಲ್ಲ.

ಎಷ್ಟೋ ಜನ "ಎರಡು ವರ್ಷ ತಾನೇ, ಹೇಗೋ ತಳ್ಳಿಬಿಡ್ತೀವಿ" ಅಂತಾರೆ. ಅದು ಓದುವವರ ಲೆಕ್ಕ. ಜೊತೆಗೆ ಬಂದವರ ಲೆಕ್ಕ ಬೇರೆ. ಮಾಸ್ಟರ್ಸ್ ಎರಡು ವರ್ಷ. ಆಮೇಲೆ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯವಾದರೆ ಇನ್ನೂ 24 ತಿಂಗಳು. ಒಪಿಟಿಯಲ್ಲಿ ಓದಿದವರು ಕೆಲಸಕ್ಕೆ ಹೋಗುತ್ತಾರೆ, ಸಂಬಳ ಬರುತ್ತದೆ. ಆದರೆ ಮನೆಯಲ್ಲಿರುವವರು ಆಗಲೂ ಎಫ್-2ನಲ್ಲೇ ಇರುತ್ತಾರೆ, ಆಗಲೂ ದುಡಿಯುವಂತಿಲ್ಲ. ಒಟ್ಟು ಐದು ವರ್ಷ ಆಯಿತಲ್ವಾ? ಓದಿದವರಿಗೆ ಕೆಲಸದ ವೀಸಾ ಎಚ್-1ಬಿ ಸಿಕ್ಕರೆ, ಜೊತೆಗಿರುವವರು ಎಚ್-4ಕ್ಕೆ ಬದಲಾಗುತ್ತೀರಿ. ಅಲ್ಲೂ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 (ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗುವ ತನಕ ಕೆಲಸದ ಪರ್ಮಿಟ್ ಇಲ್ಲ. ಊರಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಹೆಣ್ಣುಮಕ್ಕಳು ಇದನ್ನು ಬಂದ ಮೇಲೆ ತಿಳಿದುಕೊಂಡು ಕುಗ್ಗಿ ಹೋಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಟಿಕೆಟ್ ಮಾಡುವ ಮುಂಚೆ ಇಬ್ಬರೂ ಕೂತು ಈ ಐದು ವರ್ಷದ ಬಗ್ಗೆ ಮಾತಾಡಿ. ಊರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುತ್ತೇನೆ ಎಂದುಕೊಂಡಿದ್ದರೆ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ಯಾರೋ "ನಡೆಯುತ್ತೆ" ಅಂದರು ಅಂತ ನಂಬಬೇಡಿ.

ದಾರಿ ಇಲ್ಲವೇ ಇಲ್ಲ ಅಂತಲ್ಲ. 2015ರಿಂದ ಎಫ್-2ನಲ್ಲಿರುವವರು ಕಾಲೇಜಿನಲ್ಲಿ ಪಾರ್ಟ್‌ ಟೈಮ್ ಓದಬಹುದು. ಕಮ್ಯುನಿಟಿ ಕಾಲೇಜಿನಲ್ಲಿ ಒಂದೊಂದೇ ಕೋರ್ಸ್ ತೆಗೆದುಕೊಂಡೇ ನಾನು ಮತ್ತೆ ಪುಸ್ತಕ ಹಿಡಿದಿದ್ದು. ಪೂರ್ತಿ ಡಿಗ್ರಿ ಬೇಕೆಂದರೆ ಸ್ವಂತ ಅಡ್ಮಿಷನ್ ಪಡೆದು ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಿಕೊಳ್ಳಬೇಕು. ಇಬ್ಬರಿಗೂ ಓದುವ ಆಸೆ ಇದ್ದರೆ ಒಂದೇ ಊರಿನ ಕಾಲೇಜುಗಳಿಗೆ ಇಬ್ಬರೂ ಮೊದಲೇ ಅರ್ಜಿ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಸ್ಟೈಪೆಂಡ್ ಅಥವಾ ಸ್ಕಾಲರ್‌ಶಿಪ್ ಇರುವವರು ಯೂನಿವರ್ಸಿಟಿಯಲ್ಲಿ ಜೆ-1 (ಎಕ್ಸ್‌ಚೇಂಜ್ ಕಾರ್ಯಕ್ರಮದ) ವೀಸಾ ಬಗ್ಗೆಯೂ ವಿಚಾರಿಸಿ. ಅದರಲ್ಲಿ ಜೊತೆಗೆ ಬರುವವರಿಗೆ ಜೆ-2 ಸಿಗುತ್ತದೆ, ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಆದರೆ ಕೆಲವರಿಗೆ ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ಷರತ್ತು ಬೀಳುತ್ತದೆ. ಅದು ತೀರುವ ತನಕ ಎಚ್-1ಬಿ, ಗ್ರೀನ್ ಕಾರ್ಡ್ ಎರಡೂ ಇಲ್ಲ. ನಿಮಗೆ ಅದು ಅನ್ವಯಿಸುತ್ತದಾ ಅಂತ ಬರಹದಲ್ಲಿ ಕೇಳಿ ತಿಳಿದುಕೊಂಡೇ ಹೆಜ್ಜೆ ಇಡಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಪ್ರತಿಯೊಬ್ಬರಿಗೂ, ಮಗುವಿಗೂ ಸೇರಿ, ಬೇರೆ ಬೇರೆ ಐ-20 (ವೀಸಾಕ್ಕೆಂದು ಯೂನಿವರ್ಸಿಟಿ ಕೊಡುವ ಪತ್ರ) ಬೇಕು. 350 ಡಾಲರ್ ಸೆವಿಸ್ ಫೀಸು (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯದ್ದು) ಓದುವವರಿಗೆ ಮಾತ್ರ, ಎಫ್-2ಗೆ ಇಲ್ಲ. ಹೊಸದಾಗಿ ಓದಲು ಬರುವವರು ಕೋರ್ಸ್ ಶುರುವಾಗುವ ಮುಂಚಿನ 30 ದಿನದೊಳಗೆ ಮಾತ್ರ ದೇಶದೊಳಗೆ ಬರಬಹುದು. ಮನೆಯವರು ಅವರ ಜೊತೆಗೆ ಅಥವಾ ಆಮೇಲೆ ಬರಬೇಕು, ಮೊದಲು ಬರುವ ಹಾಗಿಲ್ಲ. ಆಮೇಲೆ ಕರೆಸಿಕೊಳ್ಳುವುದಾದರೆ ಖರ್ಚಿಗೆ ದುಡ್ಡಿದೆ ಎಂದು ತೋರಿಸಿ ಅವರ ಐ-20ಯನ್ನು ಆಗ ಕೇಳಿ ಪಡೆಯಬಹುದು.

ಇನ್ನು ಮಕ್ಕಳ ವಿಷಯ. ಎಫ್-2 ಮಕ್ಕಳು ಹೈಸ್ಕೂಲ್ ಮುಗಿಯುವ ತನಕ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲದೆ ಓದಬಹುದು. ಕಿಂಡರ್‌ಗಾರ್ಟನ್‌ಗೆ ಐದು ವರ್ಷ ತುಂಬಿರಬೇಕು. ಎಷ್ಟೋ ರಾಜ್ಯಗಳಲ್ಲಿ ಸೆಪ್ಟೆಂಬರ್ 1ರ ಲೆಕ್ಕ. ಮಗಳು ಸೆಪ್ಟೆಂಬರ್ ಕೊನೆಯಲ್ಲಿ ಹುಟ್ಟಿದ್ದರೆ ಇನ್ನೊಂದು ವರ್ಷ ಕಾಯಬೇಕಾಗಬಹುದು. ಆ ವರ್ಷಕ್ಕೆ ಡೇಕೇರ್ ಬೇಕೆಂದರೆ ದುಬಾರಿ. ಮಗು ಯಾವ ಶಾಲೆಗೆ ಹೋಗುತ್ತದೆ ಅನ್ನುವುದು ಹೆಚ್ಚಾಗಿ ಮನೆಯ ವಿಳಾಸದ ಮೇಲೆ ನಿಂತಿರುತ್ತದೆ. ಹಾಗಾಗಿ ಬಾಡಿಗೆ ಎಷ್ಟು ಅಂತ ನೋಡುವಾಗಲೇ ಶಾಲೆ ಯಾವುದು ಅಂತಲೂ ನೋಡಿ. ಕ್ಯಾಂಪಸ್‌ನ ಫ್ಯಾಮಿಲಿ ಹೌಸಿಂಗ್ ಸಿಕ್ಕರೆ ಬಿಡಬೇಡಿ. ಎಷ್ಟೋ ದೇಶಗಳ ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತಾರೆ, ತಾಯಂದಿರಿಗೂ ಮಾತಿಗೆ ಜನ ಸಿಗುತ್ತಾರೆ. ಕಾಯುವವರ ಪಟ್ಟಿ ಉದ್ದ ಇರುತ್ತದೆ, ಆದಷ್ಟು ಬೇಗ ಹೆಸರು ಹಾಕಿಸಿ.

ಹುಟ್ಟಿದಾಗಿನಿಂದ ಹಾಕಿಸಿದ ಎಲ್ಲ ಲಸಿಕೆಗಳ ದಾಖಲೆ ತನ್ನಿ. ತಾರೀಖು ಸ್ಪಷ್ಟವಾಗಿರಲಿ, ಡಾಕ್ಟರ ಸಹಿ, ಸೀಲು ಇರಲಿ. ನಮ್ಮ ಮಕ್ಕಳಿಗೆ ಬಿಸಿಜಿ ಹಾಕಿಸಿರುತ್ತೇವಲ್ಲ, ಅದರಿಂದ ಟಿಬಿಯ ಚರ್ಮದ ಪರೀಕ್ಷೆಯಲ್ಲಿ ರೋಗ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆಗೆ ಬಿಸಿಜಿಯ ತೊಂದರೆ ಇಲ್ಲ. ಟಿಬಿ ಪರೀಕ್ಷೆ ಕೇಳಿದರೆ ರಕ್ತ ಪರೀಕ್ಷೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ.

ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಒಂದು ಫಾರ್ಮ್ ಕೊಡುತ್ತಾರೆ. ಕೆಲವರು ಹೆದರಿ ಇಂಗ್ಲಿಷ್ ಅಂತ ಬರೆಯುತ್ತಾರೆ. ದಯವಿಟ್ಟು ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಬಾರದ ಮಗುವಿಗೆ ಶಾಲೆ ನೆರವು ಕೊಡಲೇಬೇಕು. 1974ರಲ್ಲಿ ಲಾವ್ ವರ್ಸಸ್ ನಿಕೋಲ್ಸ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಅದು ಮಗುವಿನ ಹಕ್ಕು, ನಾಚಿಕೆಯ ವಿಷಯವಲ್ಲ. ನನ್ನ ಮಗಳು ಮೊದಲ ಕೆಲವು ತಿಂಗಳು ಕ್ಲಾಸಿನಲ್ಲಿ ಬಾಯೇ ಬಿಡಲಿಲ್ಲ. ಹೊಸ ಭಾಷೆ ಕಲಿಯುವ ಎಷ್ಟೋ ಮಕ್ಕಳು ಹೀಗೆ ಸುಮ್ನೆ ಕೇಳಿಸಿಕೊಳ್ಳುತ್ತಾ ಇರುತ್ತಾರೆ. ಗಾಬರಿಯಾಗಿ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಬೇಡಿ. ಇಂಗ್ಲಿಷ್ ಶಾಲೆಯಲ್ಲಿ ಬಂದೇ ಬರುತ್ತದೆ. ಕನ್ನಡಕ್ಕೆ ಇಲ್ಲಿ ನೀವಿಬ್ಬರೇ ದಿಕ್ಕು.

ಜೊತೆಗೆ ಬರುವವರು ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳುವುದನ್ನು ಮುಂದಕ್ಕೆ ಹಾಕಬೇಡಿ. ಬಸ್ ಕಡಿಮೆ ಇರುವ ಊರಿನಲ್ಲಿ ಮಗುವಿಗೆ ಜ್ವರ ಬಂದ ದಿನ ಗಂಡನಿಗೆ ಲ್ಯಾಬ್ ಇರುತ್ತದೆ. ಎಫ್-2ಗೆ ಸೋಷಿಯಲ್ ಸೆಕ್ಯೂರಿಟಿ ನಂಬರ್ (ಇಲ್ಲಿ ಎಷ್ಟೋ ಕಡೆ ಕೇಳುವ ಸರ್ಕಾರಿ ಗುರುತಿನ ನಂಬರ್) ಸಿಗುವುದಿಲ್ಲ. ಆದರೆ ಸಿಗುವುದಿಲ್ಲ ಎಂದು ಆ ಕಚೇರಿಯೇ ಪತ್ರ ಕೊಡುತ್ತದೆ, ಎಷ್ಟೋ ರಾಜ್ಯಗಳಲ್ಲಿ ಆ ಪತ್ರ ತೋರಿಸಿ ಲೈಸೆನ್ಸ್ ಮಾಡಿಸಬಹುದು. ಟ್ಯಾಕ್ಸ್ ಸಮಯದಲ್ಲಿ ಟ್ಯಾಕ್ಸ್ ಇಲಾಖೆಗೆ ಕಳಿಸುವ ಫಾರ್ಮ್ 8843 ಮರೆಯಬೇಡಿ. ಸಂಪಾದನೆ ಇಲ್ಲದಿದ್ದರೂ ಹೆಂಡತಿ, ಮಗು ಎಲ್ಲರ ಹೆಸರಲ್ಲೂ ಒಂದೊಂದು ಕಳಿಸಬೇಕು.

ಪಿಎಚ್‌ಡಿ ಆಫರ್ ಇರುವವರೇ, ಸ್ಟೈಪೆಂಡ್ ಇರುವ ಆಫರ್‌ಗೆ ಉತ್ತರ ಕೊಡಲು ಹೆಚ್ಚಿನ ಯೂನಿವರ್ಸಿಟಿಗಳು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅಷ್ಟರಲ್ಲಿ ಡಿಪಾರ್ಟ್‌ಮೆಂಟಿಗೆ ಬರೆದು ಕೇಳಿ. ಸ್ಟೈಪೆಂಡ್ 9 ತಿಂಗಳದ್ದಾ, 12 ತಿಂಗಳದ್ದಾ? ಹೆಂಡತಿ ಮಗುವಿನ ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ? ಮಕ್ಕಳಿರುವ ಸೀನಿಯರ್ ಒಬ್ಬರ ಜೊತೆ ಮಾತಾಡಿಸುತ್ತೀರಾ? ಈ ಕೊನೆಯ ಪ್ರಶ್ನೆಗೆ ಸಂಕೋಚ ಬೇಡ. ಹಾಗೆ ಫೋನಿನಲ್ಲಿ ಪರಿಚಯವಾದ ಒಂದು ಸಂಸಾರವೇ ನಮಗೆ ಮೊದಲ ವಾರ ತಮ್ಮ ಮನೆಯಲ್ಲಿ ಜಾಗ ಕೊಟ್ಟಿದ್ದು.

ನಿಮ್ಮ ಯೂನಿವರ್ಸಿಟಿ ಯಾವ ಊರಿನಲ್ಲಿದೆ, ಮಗುವಿಗೆ ಎಷ್ಟು ವರ್ಷ ಅಂತ ಇಲ್ಲೇ ಕೆಳಗೆ ಬರೆಯಿರಿ. ಆ ಊರಿನಲ್ಲಿ ಇರುವವರು ಯಾರಾದರೂ ಇದ್ದರೆ ಶಾಲೆ, ಮನೆ ಬಗ್ಗೆ ಖಂಡಿತ ತಿಳಿಸುತ್ತಾರೆ. ಎಫ್-2ನಲ್ಲಿ ಬರುವ ಅಕ್ಕತಂಗಿಯರು ನನಗೆ ನೇರವಾಗಿ ಮೆಸೇಜ್ ಮಾಡಿ, ಫೋನಿನಲ್ಲೇ ಮಾತಾಡೋಣ.