ಅಪ್‌ಡೇಟ್: ಮದುವೆ ಫೋಟೋಗ್ರಫಿಗೆ ರೇಡಿಯೋ ಜಾಹೀರಾತು, ಕೊನೆಗೆ ಏನಾಯ್ತು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹತ್ತಿರ ನಮ್ಮದೊಂದು ಚಿಕ್ಕ ಸ್ಟುಡಿಯೋ, ಆಷಾಢದಲ್ಲಿ ಕೆಲಸವಿಲ್ಲ, ಶ್ರಾವಣದ ಮದುವೆಗಳು ಸಿಗೋಕೆ ರೇಡಿಯೋ ಜಾಹೀರಾತು ಕೊಡಲಾ ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು.

ಖಾಸಗಿ ಎಫ್‌ಎಂನ ಹತ್ತು ಸೆಕೆಂಡಿನ ಜಿಂಗಲ್ ಕೈಹಿಡಿಯಲಿಲ್ಲ. ಒಂದು ವಾರ ಓಡಿತು, ಬಂದದ್ದು ಎರಡೇ ಕರೆ, ಎರಡೂ ದರ ಕೇಳೋಕೆ.

ಕೆಲಸ ಮಾಡಿದ್ದು "ಸಮುದಾಯ ಬಾನುಲಿಗೆ ಹೋಗಿ, ಜಾಹೀರಾತಿನ ಜೊತೆ ಮಾತೂ ಆಡಿ" ಅಂದವರ ಸಲಹೆ. ಅವರಿಗೆ ದೊಡ್ಡ ಥ್ಯಾಂಕ್ಸ್! ಸಮುದಾಯ ಬಾನುಲಿ ಅಂದರೆ ಸುತ್ತಲಿನ ಜನರಿಗಾಗಿಯೇ ನಡೆಯೋ ಚಿಕ್ಕ ಸ್ಥಳೀಯ ರೇಡಿಯೋ. ಅದರ ಪ್ರಸಾರ ಸುಮಾರು 10-15 ಕಿಲೋಮೀಟರ್ ಅಷ್ಟೇ, ಆದರೆ ನಮ್ಮ ಗಿರಾಕಿಗಳೂ ಅಷ್ಟರೊಳಗೇ ಇರೋದು. ಅಲ್ಲಿ ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿ ಇದೆ, ಹಾಗಾಗಿ ನಿಮ್ಮ ಜಾಹೀರಾತಿಗೆ ಸಮಯ ಬೇಕು ಅಂತ ಮೊದಲೇ ಹೇಳಿಡಿ.

ಅಲ್ಲಿನ ಫೋನ್-ಇನ್‌ನಲ್ಲಿ (ಕೇಳುಗರು ಕರೆ ಮಾಡಿ ಮಾತಾಡೋ ಕಾರ್ಯಕ್ರಮ) ನಾನು ಶಾಮಿಯಾನದ ಬಗ್ಗೆ ಹೇಳಿದೆ. ಹಗಲು ಮುಹೂರ್ತಕ್ಕೆ ಹಸಿರು, ನೀಲಿ ಬಟ್ಟೆ ಕಟ್ಟಿಸಿದರೆ ಆ ಬಣ್ಣವೆಲ್ಲ ಮದುಮಗಳ ಮುಖಕ್ಕೇ ಇಳಿಯುತ್ತೆ, ಧಾರೆ ನಡೆಯೋ ಜಾಗದ ಮೇಲಾದರೂ ಬಿಳಿ ಬಟ್ಟೆ ಹಾಕಿಸಿ ಅಂತ. ಮರುದಿನ ಒಬ್ಬ ತಾಯಿ ಅದನ್ನೇ ಹೇಳ್ತಾ ಸ್ಟುಡಿಯೋಗೆ ಬಂದರು. ಇಲ್ಲಿವರೆಗೆ ಮೂರು ಮದುವೆ ಬುಕ್ ಆಗಿವೆ.

ರೇಡಿಯೋದಲ್ಲಿ ಹೇಳಿದ ನಮ್ಮ ಹತ್ತಂಕಿಯ ಫೋನ್ ನಂಬರ್ ಯಾರಿಗೂ ನೆನಪಿರಲಿಲ್ಲ, "ಗಣಪತಿ ಗುಡಿ ಎದುರು" ಅನ್ನೋದು ಎಲ್ಲರಿಗೂ ನೆನಪಿತ್ತು. ಇನ್ನೊಂದು ವಿಷಯ, ನಾಲ್ಕು ಜನ ತಮ್ಮ ಅಜ್ಜ-ಅಜ್ಜಿಯ ಬೂಷ್ಟು ಹಿಡಿದ ಮದುವೆ ಫೋಟೋ ತಂದು ಸರಿಮಾಡಿಕೊಡಿ ಅಂದರು. ಈಗ ಮೇಜಿನ ತುಂಬ ಅವೇ ಇವೆ, ತುಂಬ ಪ್ರೀತಿಯಿಂದ ಮಾಡ್ತಿದ್ದೀನಿ.