ಸಹಾಯ ಬೇಕು: ಮಳೆಗಾಲದಲ್ಲಿ ಗಿಫ್ಟ್ ಪೇಪರ್ ರೋಲ್ ಇಡುವುದು ಹೇಗೆ?

ಮಂಗಳೂರಿನ ಮನೆ, ಜೂನ್ ಬಂತೆಂದರೆ ಕಪಾಟಿನೊಳಗೂ ತೇವ. 70 ಸೆಂ.ಮೀ. ಉದ್ದದ 9 ರೋಲ್‌ಗಳಿವೆ. ಖಾನೆಯ ಅಗಲ 60 ಮಾತ್ರ. ನಿಲ್ಲಿಸಿದರೆ ಕೆಳಗಿನ ಅಂಚು ಜಜ್ಜಿಹೋಗುತ್ತದೆ. ರಬ್ಬರ್ ಬ್ಯಾಂಡ್ ಬೇಡವೇ ಬೇಡ: ಕಾಗದದ ಮೇಲೆ ಗೆರೆ ಬೀಳುತ್ತದೆ, ಸೆಕೆಗೆ ಮೆತ್ತಗಾಗಿ ಅಂಟುತ್ತದೆ. ಬದಲಿಗೆ ಟಿಶ್ಯೂ ರೋಲಿನ ರಟ್ಟಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಬಳೆಯಂತೆ ತೊಡಿಸಿದ್ದಾಗಿದೆ. ನುಸಿಗುಳಿಗೆ ಇಟ್ಟರೆ ಉಡುಗೊರೆಗೂ ಅದೇ ವಾಸನೆ!

ಈಗಿನ ಯೋಚನೆ: 110 ಮಿ.ಮೀ. ಪಿವಿಸಿ ಪೈಪನ್ನು 75 ಸೆಂ.ಮೀ.ಗೆ ಕತ್ತರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಂಚದಡಿ ತಳ್ಳುವುದು. ಒಂದು ಪೈಪಿಗೆ ಎಷ್ಟು ಗ್ರಾಂ ಜೆಲ್ ಸಾಕು? ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ತೆರೆದು ಮುಚ್ಚುವಾಗ ಹೊಕ್ಕ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆಯೇ? ಮುಚ್ಚಳಕ್ಕೆ ತೂತು ಕೊರೆದರೆ ಬೆಳ್ಳಿಹುಳ ನುಗ್ಗುತ್ತದಲ್ಲ? ಬಳಸಿ ನೋಡಿದವರು ತಿಳಿಸಿ.