ಸ್ಯಾಟ್ ಬರೀದೆ ಅಮೆರಿಕದ ಕಾಲೇಜಿಗೆ ಅರ್ಲಿ ಅಪ್ಲೈ ಮಾಡ್ಬೋದಾ? ಸ್ಟೇಟ್ ಬೋರ್ಡ್, ಸೆಕೆಂಡ್ ಪಿಯು

ಶಿಡ್ಲಘಟ್ಟ_ಪಿಸಿಎಂಸಿ:

ಎಲ್ರಿಗೂ ನಮಸ್ಕಾರ. ಇಲ್ಲಿ ಯಾರಾದ್ರೂ ಸ್ಟೇಟ್ ಬೋರ್ಡಿಂದ ಅಮೆರಿಕಕ್ಕೆ ಅಪ್ಲೈ ಮಾಡಿದೋರು ಇದ್ದೀರಾ, ಎಂಎಸ್‌ಗಲ್ಲ, ಡಿಗ್ರಿಗೇ. ನಾನು ಸೆಕೆಂಡ್ ಪಿಯು, ಪಿಸಿಎಂಸಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿಲಿ 611, ಫಸ್ಟ್ ಪಿಯುಲಿ 571. ಅಪ್ಪ ರೀಲರ್, ಗೂಡು ಮಾರ್ಕೆಟ್ಟಲ್ಲಿ ಹರಾಜಲ್ಲಿ ಗೂಡು ತಗೊಂಡು ನೂಲು ತೆಗೆಸ್ತಾರೆ, ದುಡ್ಡಿದೆ ಅನ್ನೋ ಹಂಗೂ ಇಲ್ಲ ಇಲ್ಲ ಅನ್ನೋ ಹಂಗೂ ಇಲ್ಲ, ಅಮೆರಿಕದ ಫೀಸ್ ಮಾತ್ರ ಕನಸಲ್ಲೂ ಆಗಲ್ಲ, ಸ್ಕಾಲರ್‌ಶಿಪ್ ಸಿಕ್ಕಿದ್ರೆ ಮಾತ್ರ.

ಬೆಂಗಳೂರಲ್ಲಿ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ವಿ, ಅವ್ರು ಈಗ ಸ್ಯಾಟ್ (ಅಮೆರಿಕದ ಕಾಲೇಜು ಸೇರೋಕೆ ಬರ್ಯೋ ಪರೀಕ್ಷೆ) ಯಾರಿಗೂ ಬೇಕಾಗಿಲ್ಲ, ನವೆಂಬರ್ 1ರ ಒಳಗೆ ಅರ್ಲಿ ಡಿಸಿಷನ್ ಹಾಕ್ಬಿಟ್ರೆ ಚಾನ್ಸ್ ಡಬಲ್ ಆಗತ್ತೆ ಅಂದ್ರು, ಆಮೇಲೆ ಎರಡು ಲಕ್ಷದ ಪ್ಯಾಕೇಜ್ ತೋರಿಸಿದ್ರು. ಅಪ್ಪ ಸುಮ್ನೆ ಎದ್ದು ಬಂದ್ರು. ನನ್ನ ಡೌಟ್ ಏನಂದ್ರೆ ಸ್ಯಾಟ್ ಕಳಿಸ್ದೇ ಇದ್ರೆ ಒಳಗೊಳಗೆ ಕಡಿಮೆ ಅಂತ ನೋಡ್ತಾರಾ? ನಮ್ಮ ಬೋರ್ಡ್ ರಿಸಲ್ಟ್ ಬರೋದೇ ಏಪ್ರಿಲ್‌ಗೆ, ನವೆಂಬರಲ್ಲಿ ಏನು ತೋರಿಸ್ಲಿ? ಅರ್ಲಿ ಡಿಸಿಷನ್‌ಗೆ ಸೈನ್ ಮಾಡಿದ್ರೆ ಕೆಸಿಇಟಿ ಬರೀಬಾರ್ದಾ? ನಮ್ಮ ಕಾಲೇಜಲ್ಲಿ ಇದ್ರ ಬಗ್ಗೆ ಯಾರಿಗೂ ಗೊತ್ತಿಲ್ಲ, ಪ್ರಿನ್ಸಿಪಾಲ್ ಸರ್ ಹತ್ರ ಕಾಮನ್ ಆ್ಯಪ್ (ತುಂಬಾ ಕಾಲೇಜಿಗೆ ಒಟ್ಟಿಗೆ ಹಾಕೋ ಆನ್‌ಲೈನ್ ಅರ್ಜಿ) ಅಂದಿದ್ದಕ್ಕೆ ಮೊಬೈಲ್ ಆ್ಯಪಾ ಅಂದ್ರು.

ತುಮಕೂರಿಂದ_ಓಹಾಯೋ:

ತಂಗಿ, ನಾನು ತುಮಕೂರಲ್ಲಿ ಪಿಯು ಮುಗಿಸಿ ಈಗ ಓಹಾಯೋದಲ್ಲಿ ಒಂದು ಸಣ್ಣ ಕಾಲೇಜಲ್ಲಿ ಓದ್ತಿದೀನಿ, ಫುಲ್ ಅಲ್ಲದಿದ್ರೂ ಬಹುಪಾಲು ಏಡ್, ಅಂದ್ರೆ ಖರ್ಚಿಗೆ ಕಾಲೇಜೇ ಕೊಡೋ ಸಹಾಯ, ಸಿಕ್ಕಿದೆ. ಮೊದಲು ಆ ಕನ್ಸಲ್ಟೆನ್ಸಿ ಮಾತು ತಲೆಯಿಂದ ತೆಗಿ. ಸ್ಯಾಟ್ ಯಾರಿಗೂ ಬೇಡ ಅನ್ನೋದು 2020ರ ಕಥೆ, ಕೋವಿಡಲ್ಲಿ ಸೆಂಟರ್‌ಗಳೇ ಮುಚ್ಚಿದ್ವು ಅದಕ್ಕೆ ಎಲ್ರೂ ಬಿಟ್ಟಿದ್ರು. ಎಂಐಟಿ 2022ರಲ್ಲೇ ವಾಪಸ್ ತಂತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೆ ಒಂದು ಬೇಕೇ ಬೇಕು ಅಂತ ಹೇಳಿದ್ವು. ಯೇಲಲ್ಲಿ ಸ್ಯಾಟ್ ಬದಲು ಎಪಿ ಇಲ್ಲ ಐಬಿ ಅನ್ನೋ ಬೇರೆ ಪರೀಕ್ಷೆಗಳ ಸ್ಕೋರ್ ಕೊಟ್ರೂ ಆಗತ್ತೆ ಅಂದ್ರು, ನಮ್ಮ ಪಿಯು ಹುಡುಗ್ರ ಹತ್ರ ಅದೆಲ್ಲಿಂದ ಬರ್ಬೇಕು.

ಹಂಗಂತ ಸ್ಯಾಟ್ ಬೇಡ ಅನ್ನೋ ಕಾಲೇಜು ಇಲ್ವೇ ಇಲ್ಲ ಅಂತಲ್ಲ, ಬೇಕಾದಷ್ಟಿವೆ, ಕೆಲವು ಕೋವಿಡ್‌ಗಿಂತ ಎಷ್ಟೋ ಮುಂಚಿಂದನೂ ಹಂಗೇ ಇವೆ. ಮೇನ್ ರಾಜ್ಯದ ಬೋಡಿನ್ ಕಾಲೇಜು 1969ರಿಂದ ಕೇಳ್ತಿಲ್ಲ. ಶಿಕಾಗೊ ಯೂನಿವರ್ಸಿಟಿ 2018ರಿಂದ. ಇವೆಲ್ಲ ಟೆಸ್ಟ್ ಆಪ್ಷನಲ್, ಅಂದ್ರೆ ಕಳಿಸಿದ್ರೆ ನೋಡ್ತಾರೆ ಇಲ್ದಿದ್ರೆ ಬಿಡ್ತಾರೆ. ಯುಸಿ ಅನ್ನೋ ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳು ಬೇರೆ ಥರ, ಅಲ್ಲಿ ಕಳಿಸಿದ್ರೂ ನೋಡೋದೇ ಇಲ್ಲ, ಆದ್ರೆ ಅಲ್ಲಿ ಅರ್ಲಿ ರೌಂಡೂ ಇಲ್ಲ, ಹೊರದೇಶದವ್ರಿಗೆ ದುಡ್ಡಿನ ಸಹಾಯನೂ ಇಲ್ಲ ಅಂತಲೇ ಇಟ್ಕೋ, ನಿನಗೆ ಅದು ಲೆಕ್ಕಕ್ಕಿಲ್ಲ.

ಅರ್ಲಿ ಅಂತ ಇರೋದ್ರಲ್ಲೂ ಎರಡು ಜಾತಿ. ಅರ್ಲಿ ಆಕ್ಷನ್ ಅಂದ್ರೆ ಬೇಗ ಹಾಕ್ತೀಯ, ಬೇಗ ಉತ್ತರ ಬರತ್ತೆ, ಸೀಟ್ ಸಿಕ್ರೂ ಹೋಗ್ಲೇಬೇಕು ಅಂತಿಲ್ಲ. ಅರ್ಲಿ ಡಿಸಿಷನ್ ಹಂಗಲ್ಲ, ಒಂದೇ ಕಾಲೇಜಿಗೆ ಹಾಕ್ಬೇಕು, ನೀನು, ಅಪ್ಪನೋ ಅಮ್ಮನೋ ಒಬ್ರು, ಕಾಲೇಜಿನವ್ರು ಮೂರು ಜನ ಸೈನ್ ಮಾಡ್ಬೇಕು, ಡಿಸೆಂಬರ್ ಮಧ್ಯದಲ್ಲಿ ಸಿಕ್ತು ಅಂದ್ರೆ ಬೇರೆ ಕಡೆ ಹಾಕಿರೋದೆಲ್ಲ ವಾಪಸ್ ತಗೊಂಡು ಅಲ್ಲಿಗೇ ಹೋಗ್ಬೇಕು. ಕೊಟ್ಟ ಏಡ್ ಸಾಲಲ್ಲ ಅಂದ್ರೆ ಮಾತ್ರ ಬಿಡ್ತಾರೆ. ಚಾನ್ಸ್ ಜಾಸ್ತಿ ಅನ್ನೋದು ಪೂರ್ತಿ ಸುಳ್ಳಲ್ಲ, ಆದ್ರೆ ಆ ಪರ್ಸೆಂಟೇಜಲ್ಲಿ ಮೊದಲೇ ಕರೆಸ್ಕೊಂಡಿರೋ ಸ್ಪೋರ್ಟ್ಸ್ ಹುಡುಗ್ರು, ಹಳೇ ಸ್ಟೂಡೆಂಟ್‌ಗಳ ಮಕ್ಕಳು ಎಲ್ಲ ಸೇರಿರ್ತಾರೆ, ಶಿಡ್ಲಘಟ್ಟದಿಂದ ಏಡ್ ಕೇಳ್ತಿರೋ ಹುಡುಗಿಗೆ ಅದೇ ಪರ್ಸೆಂಟೇಜ್ ಅಂದ್ಕೋಬೇಡ.

ನಿನ್ನ ಕೇಸಲ್ಲಿ ಮೊದಲು ನೋಡ್ಬೇಕಿರೋದು ಸ್ಯಾಟ್ ಬೇಕಾ ಬೇಡ್ವಾ ಅಂತಲ್ಲ, ದುಡ್ಡು ಕೇಳಿದ್ರೆ ಆ ಕಾಲೇಜು ಮುಖ ಸಿಂಡರಿಸತ್ತಾ ಇಲ್ವಾ ಅಂತ. ನೀಡ್ ಬ್ಲೈಂಡ್ ಅಂತಾರೆ, ಹೊರದೇಶದ ಹುಡುಗ್ರು ಏಡ್ ಕೇಳಿದಾರೆ ಅನ್ನೋದನ್ನ ಸೀಟ್ ಕೊಡೋವಾಗ ನೋಡದೇ ಇರೋ ಕಾಲೇಜುಗಳು ಬೆರಳೆಣಿಕೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಮತ್ತೆ ಬೋಡಿನ್, ಹಿಂಗೆ ಇನ್ನೊಂದಷ್ಟು. ಮಿಕ್ಕಿದ ಕಡೆ ಏಡ್ ಕೇಳಿದ ತಕ್ಷಣ ಜರಡಿ ಸಣ್ಣದಾಗತ್ತೆ. ವರ್ಷಕ್ಕೆ ಒಟ್ಟು ಖರ್ಚು 80,000 ಡಾಲರ್ ದಾಟೋ ಕಾಲೇಜು ನಿನಗೆ ಪುಕ್ಕಟೆ ಕೊಡ್ಬೇಕು ಅಂದ್ರೆ ಕೈಯಲ್ಲಿ ಏನೋ ಒಂದು ಗಟ್ಟಿ ಇರ್ಬೇಕಲ್ವಾ, ಅದಕ್ಕೇ ನಾನು ಸ್ಯಾಟ್ ಬರಿ ಅನ್ನೋ ಪಾರ್ಟಿ. ಆಗಸ್ಟಲ್ಲಿ ಇಲ್ಲ ಅಕ್ಟೋಬರಲ್ಲಿ ಬೆಂಗಳೂರಲ್ಲಿ ಬರಿ, ಸ್ಕೋರ್ ಚೆನ್ನಾಗಿ ಬಂದ್ರೆ ಕಳಿಸು, ಇಲ್ಲಾಂದ್ರೆ ಆಪ್ಷನಲ್ ಕಾಲೇಜಿಗೆ ಕಳಿಸ್ಬೇಡ.

ಚಿಂತಾಮಣಿ_ಅಕ್ಕ:

ಓಹಾಯೋ ತಮ್ಮನ ಮಾತು ಮುಕ್ಕಾಲು ಪಾಲು ಸರಿ, ಕೊನೇದು ಒಪ್ಪಲ್ಲ. ಕನ್ನಡ ಮೀಡಿಯಂ ಹುಡುಗಿ, ಸ್ಯಾಟಲ್ಲಿ ಒಟ್ಟು 1600, ಅದ್ರಲ್ಲಿ 800 ಮ್ಯಾಥ್ಸ್, 800 ಇಂಗ್ಲಿಷ್ ರೀಡಿಂಗ್ ರೈಟಿಂಗ್. ಮ್ಯಾಥ್ಸ್ ಪಿಸಿಎಂಸಿ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ, ಕ್ಯಾಲ್ಕುಲೇಟರ್ ಬೇರೆ ಸ್ಕ್ರೀನಲ್ಲೇ ಕೊಡ್ತಾರೆ, ನಮ್ಮ ಪಿಯು ಹುಡುಗ್ರಿಗೆ ಅದು ನೋಡಿ ಮೊದಲು ಅನುಮಾನ ಬರತ್ತೆ ಅಷ್ಟೆ. ಇಂಗ್ಲಿಷ್ ಹಂಗಲ್ಲ, ಒಂದೊಂದು ಪುಟ್ಟ ಪ್ಯಾರಾ ಕೊಟ್ಟು ಇದ್ರಲ್ಲಿ ಬರೆದವ್ನು ಏನು ಹೇಳ್ತಿದಾನೆ ಅಂತ ಸುತ್ತಿಸಿ ಸುತ್ತಿಸಿ ಕೇಳ್ತಾರೆ, ಎರಡು ಮೂರು ತಿಂಗಳಲ್ಲಿ ಅದು ಬರೋ ವಿದ್ಯೆ ಅಲ್ಲ. ಆ ಟೈಮನ್ನ ಬೋರ್ಡಿಗೂ ಎಸ್ಸೇಗೂ ಹಾಕ್ಲಿ. ಪರೀಕ್ಷೆ ಫೀಸೇ ನೂರು ಡಾಲರ್ ಮೇಲಾಗತ್ತೆ, ಬೆಂಗಳೂರಿಗೆ ಓಡಾಟ ಬೇರೆ.

ಆದ್ರೆ ಒಂದು ಎಲ್ರೂ ಮರೀತಾರೆ, ಸ್ಯಾಟ್ ಬಿಟ್ರೂ ಇಂಗ್ಲಿಷ್ ಟೆಸ್ಟ್ ಬಿಡಲ್ಲ ಪುಟ್ಟಿ. ಟೋಫೆಲ್, ಐಇಎಲ್‌ಟಿಎಸ್, ಡ್ಯೂಲಿಂಗೊ ಯಾವ್ದಾದ್ರೂ ಒಂದು ಬೇಕಾಗತ್ತೆ. ಡ್ಯೂಲಿಂಗೊ ಮನೇಲೇ ಕೂತು ಬರೀಬೋದು, ದುಡ್ಡೂ ಕಡಿಮೆ, ಆದ್ರೆ ಒಬ್ಳೇ ರೂಮಲ್ಲಿ ಇರ್ಬೇಕು, ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೂ ಕಷ್ಟ, ರೀಲಿಂಗ್ ಮಷೀನ್ ಸದ್ದು ಇರೋ ಮನೇಲಿ ಮಾಡ್ಬೇಡ, ನೆಂಟರ ಮನೆಗೆ ಹೋಗು.

ತುಮಕೂರಿಂದ_ಓಹಾಯೋ:

ಅಕ್ಕಾ ಗೌರವದಿಂದಲೇ ಹೇಳ್ತೀನಿ, ಡಾರ್ಟ್‌ಮತ್ ಯಾಕೆ ವಾಪಸ್ ತಂತು ನೋಡಿ. ಅವ್ರದೇ ಪ್ರೊಫೆಸರ್‌ಗಳು ಲೆಕ್ಕ ಹಾಕಿದಾಗ ಬಡವ್ರ ಮನೆ ಮಕ್ಕಳು 1400 ಬಂದಿದ್ರೂ ಇದು ಕಮ್ಮಿ ಅಂತ ಮುಚ್ಚಿಟ್ಕೊಳ್ತಿದ್ರು, ಕಳಿಸಿದ್ರೆ ಅವ್ರಿಗೇ ಅನುಕೂಲ ಆಗ್ತಿತ್ತು ಅಂತ ಗೊತ್ತಾಯ್ತು, ಯಾಕಂದ್ರೆ ಆ ಸ್ಕೋರನ್ನ ಹುಡುಗಿ ಯಾವ ಊರು, ಯಾವ ಸ್ಕೂಲು ಅಂತ ಪಕ್ಕದಲ್ಲಿಟ್ಟು ನೋಡ್ತಾರೆ. ಶಿಡ್ಲಘಟ್ಟದ ಕನ್ನಡ ಮೀಡಿಯಂ ಹುಡುಗಿಯ 1400ಕ್ಕೂ ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನ 1400ಕ್ಕೂ ಒಂದೇ ಬೆಲೆ ಅಲ್ಲ. ಬ್ಲೂಬುಕ್ ಅಂತ ಆ್ಯಪ್ ಇದೆ, ಪರೀಕ್ಷೆ ಬರ್ಯೋದೂ ಅದ್ರಲ್ಲೇ, ಫ್ರೀ ಪ್ರ್ಯಾಕ್ಟಿಸ್ ಟೆಸ್ಟೂ ಅದ್ರಲ್ಲೇ. ಒಂದು ಭಾನುವಾರ ಕೂತು ಬರೀಲಿ, ಎರಡು ಕಾಲು ಗಂಟೆ. ಬಂದಿದ್ದು ನೋಡ್ಕೊಂಡು ಡಿಸೈಡ್ ಮಾಡ್ಲಿ, ನಾನೂ ನೀವೂ ಇಲ್ಲಿ ಜಗಳ ಆಡೋದು ಬೇಡ.

ಚಿಂತಾಮಣಿ_ಅಕ್ಕ:

ಅದು ಆಗ್ಬೋದು. ಪ್ರ್ಯಾಕ್ಟಿಸಲ್ಲಿ 1200ರ ಹತ್ರ ಬಂದ್ರೆ ಬಿಟ್ಬಿಡು, 1300 ದಾಟಿದ್ರೆ ಅಕ್ಟೋಬರ್‌ಗೆ ಕಟ್ಟು. ಇದು ನನ್ನ ಅಂದಾಜು, ಯಾವ ಕಾಲೇಜಿನ ರೂಲ್ಸೂ ಅಲ್ಲ.

ಗೌರಿಬಿದನೂರು_ಗೌಡ್ರು:

ಏನಮ್ಮಾ, 611 ತಗೊಂಡಿರೋಳು ಕೆಸಿಇಟಿ ಚೆನ್ನಾಗಿ ಬರೆದ್ರೆ ಬೆಂಗಳೂರಲ್ಲೇ ಸರ್ಕಾರಿ ಕೋಟಾದಲ್ಲಿ ಒಳ್ಳೇ ಇಂಜಿನಿಯರಿಂಗ್ ಸೀಟ್ ಸಿಗತ್ತೆ, ಈ ವೀಸಾ ಗೀಸಾ ಗಲಾಟೆ ಬೇರೆ ನಡೀತಿರೋ ಕಾಲದಲ್ಲಿ ಯಾಕೆ ಬೇಕು ಇದೆಲ್ಲ. ಬೇಜಾರ್ ಮಾಡ್ಕೋಬೇಡ, ಅನ್ನಿಸಿದ್ದು ಹೇಳ್ದೆ.

ಕೋಲಾರ_ಪಿಯು_ಮೇಷ್ಟ್ರು:

ಗೌಡ್ರೇ ಎರಡೂ ಮಾಡ್ಲಿ ಬಿಡಿ. ಕೆಸಿಇಟಿಗೂ ಅರ್ಲಿ ಡಿಸಿಷನ್‌ಗೂ ಸಂಬಂಧ ಇಲ್ಲ ಕಣಮ್ಮ, ಆ ಸೈನ್ ಹೇಳೋದು ಬೇರೆ ಕಾಲೇಜಿನ ಅರ್ಜಿ ವಾಪಸ್ ತಗೋತೀನಿ, ಸೀಟ್ ಸಿಕ್ರೆ ಬರ್ತೀನಿ ಅಂತ, ಇಲ್ಲಿ ಪರೀಕ್ಷೆ ಬರೀಬಾರ್ದು ಅಂತಲ್ಲ. ವೀಸಾ ಕೈಗೆ ಬರೋ ತನಕ ಇಲ್ಲಿನ ದಾರಿ ಮುಚ್ಕೋಬೇಡ.

ನಾನು ಕೋಲಾರದಲ್ಲಿ ಪಿಯು ಲೆಕ್ಚರರ್, ನಮ್ಮ ಮಕ್ಕಳಿಗೆ ಈ ಕಾಮನ್ ಆ್ಯಪ್ ಲೆಟರ್‌ಗಳು ಬರೆದಿದೀನಿ, ಅದಕ್ಕೆ ಕಾಲೇಜ್ ಕಡೆ ಕೆಲಸ ಏನಿರತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಸ್ಯಾಟ್ ಇಲ್ಲ ಅಂದಾಗ ಪೂರ್ತಿ ಭಾರ ಬೀಳೋದು ಇಲ್ಲೇ. ಕೌನ್ಸೆಲರ್ ಅಂತ ಒಬ್ರನ್ನ ಕೇಳ್ತಾರೆ, ನಮ್ಮ ಕಡೆ ಅಂಥೋರು ಯಾರೂ ಇರಲ್ಲ, ಪ್ರಿನ್ಸಿಪಾಲ್ ಹೆಸರೇ ಹಾಕ್ಬೋದು. ನೀನು ಅವ್ರ ಈಮೇಲ್ ಹಾಕಿದ ತಕ್ಷಣ ಅವ್ರಿಗೆ ಒಂದು ಲಿಂಕ್ ಹೋಗತ್ತೆ, ಅದು ಸ್ಪ್ಯಾಮಲ್ಲಿ ಬಿದ್ದಿರತ್ತೆ, ಆಫೀಸಲ್ಲಿ ಎಫ್‌ಡಿಎ ಹತ್ರ ಕೂತು ಮೊದಲು ಅದನ್ನ ಹುಡುಕಿಸು. ಕಾಲೇಜಿನ ಹೆಸರಲ್ಲಿರೋ ಈಮೇಲ್ ಇದ್ರೆ ಒಳ್ಳೇದು, ಪರ್ಸನಲ್ ಐಡಿ ಕೊಟ್ರೆ ಇದು ನಿಜವಾಗ್ಲೂ ಪ್ರಿನ್ಸಿಪಾಲ್‌ದೇನಾ ಅಂತ ಅನುಮಾನ ಬರ್ಬೋದು. ಆ ಲಿಂಕಲ್ಲಿ ಸ್ಕೂಲ್ ರಿಪೋರ್ಟ್, ಕೌನ್ಸೆಲರ್ ಲೆಟರ್, ಮಾರ್ಕ್ಸ್ ಕಾರ್ಡ್‌ಗಳು ಅಪ್‌ಲೋಡ್ ಮಾಡ್ಬೇಕು, ಒಂಬತ್ತನೇ ಕ್ಲಾಸಿಂದ ಕೇಳ್ತಾರೆ, ಆದ್ರಿಂದ ಈಗ್ಲೇ ಹೈಸ್ಕೂಲಿಗೆ ಹೋಗಿ ಒಂಬತ್ತನೇದು ಸೀಲ್ ಹಾಕಿಸ್ಕೊಂಡು ಬಾ, ಕನ್ನಡದಲ್ಲಿ ಮಾತ್ರ ಇದ್ರೆ ಇಂಗ್ಲಿಷ್ ತರ್ಜುಮೆ ಜೊತೆಗಿರ್ಲಿ. ಜಿಪಿಎಗೆ ಕನ್ವರ್ಟ್ ಮಾಡಕ್ಕೆ ಹೋಗ್ಬೇಡ, 625ಕ್ಕೆ ಇಷ್ಟು 600ಕ್ಕೆ ಇಷ್ಟು ಅಂತ ಇದ್ದಿದ್ದು ಇದ್ದಂಗೆ.

ಏಪ್ರಿಲ್ ರಿಸಲ್ಟ್ ಬದಲು ನವೆಂಬರಲ್ಲಿ ಹೋಗೋದು ಪ್ರೆಡಿಕ್ಟೆಡ್ ಮಾರ್ಕ್ಸ್. ಲೆಟರ್‌ಹೆಡ್ಡಲ್ಲಿ ಪ್ರತಿ ಸಬ್ಜೆಕ್ಟ್‌ಗೂ ಬೋರ್ಡಲ್ಲಿ ಎಷ್ಟು ಬರ್ಬೋದು ಅಂತ ಲೆಕ್ಚರರ್‌ಗಳು ಬರೆದು ಪ್ರಿನ್ಸಿಪಾಲ್ ಸೈನ್ ಮಾಡಿ ಕೊಡೋದು. ನಮ್ಮೋರಿಗೆ ಇದು ಹೊಸದು, ಬೋರ್ಡ್ ಹಾಕದೇ ಇರೋ ಮಾರ್ಕ್ಸನ್ನ ನಾವು ಹೆಂಗೆ ಬರ್ಯೋದು ಅಂತ ಹೆದರ್ತಾರೆ, ಇದು ಮಾರ್ಕ್ಸ್ ಕಾರ್ಡ್ ಅಲ್ಲ ಸರ್ ಅಂದಾಜು ಅಂತ ಬಿಡಿಸಿ ಹೇಳ್ಬೇಕು. ಮಿಡ್‌ಟರ್ಮಲ್ಲಿ 480 ಬಂದು ಲೆಟರಲ್ಲಿ 590 ಬರೆಸಿದ್ರೆ ಓದೋರು ನಗ್ತಾರೆ, ಕೊನೇಗೆ ಫೈನಲ್ ಮಾರ್ಕ್ಸ್ ಕಾರ್ಡೂ ಕಳಿಸ್ಲೇಬೇಕು ಅನ್ನೋದು ನೆನಪಿರ್ಲಿ. ಟೆಸ್ಟಿಂಗ್ ಸೆಕ್ಷನಲ್ಲಿ ಸ್ಯಾಟ್ ಬೇಡ ಅಂತ ಟಿಕ್ ಮಾಡಿದ್ರೂ ಕೆಳಗೆ ಇನ್ನೊಂದು ಪ್ರಶ್ನೆ ಬರತ್ತೆ, ನಿಮ್ಮಲ್ಲಿ ಬೋರ್ಡ್ ಪರೀಕ್ಷೆ ಮೇಲೆ ಪಾಸ್ ಮಾಡ್ತಾರಾ ಅಂತ. ಹೌದು ಅನ್ನು, ನಿನ್ನ 611 ಅಲ್ಲಿ ಎದ್ದು ಕಾಣತ್ತೆ. ತುಂಬಾ ಮಕ್ಕಳು ಇದನ್ನ ಖಾಲಿ ಬಿಡ್ತಾರೆ.

ಇನ್ನು ಲೆಕ್ಚರರ್‌ಗಳ ಲೆಟರ್. ಶೀ ಈಸ್ ಸಿನ್ಸಿಯರ್ ಆ್ಯಂಡ್ ಒಬೀಡಿಯೆಂಟ್ ಅಂತ ಟಿಸಿ ಭಾಷೇಲಿ ಬರೆದುಕೊಟ್ರೆ ಏನೂ ಪ್ರಯೋಜನ ಇಲ್ಲ. ಲ್ಯಾಬಲ್ಲಿ ಏನೋ ಮಾಡಿದೀಯ, ಪಕ್ಕದ ಹುಡುಗಿಗೆ ಇಂಟೆಗ್ರೇಷನ್ ಹೇಳಿಕೊಟ್ಟಿದೀಯ, ಅಂಥದ್ದು ಒಂದು ಸಂಗತಿ ನೆನಪು ಮಾಡಿಕೊಡು, ಅವ್ರು ಬರೀತಾರೆ.

ಶಿಡ್ಲಘಟ್ಟ_ಪಿಸಿಎಂಸಿ:

ಸರ್ ಅಕ್ಕ ಅಣ್ಣ ಎಲ್ರಿಗೂ ತುಂಬಾ ಥ್ಯಾಂಕ್ಸ್, ಗೌಡ್ರೇ ನಿಮ್ಗೂ, ನಮ್ಮಪ್ಪನೂ ಅದನ್ನೇ ಅಂತಾರೆ. ಇನ್ನೊಂದು. ಏಡ್‌ಗೆ ಸಿಎಸ್‌ಎಸ್ ಪ್ರೊಫೈಲ್ ಅಂತ ಫಾರ್ಮ್ ಇದೆ ಅಲ್ವಾ, ಅಪ್ಪ ಐಟಿ ರಿಟರ್ನ್ ಹಾಕಲ್ಲ. ನಾಡಕಚೇರಿಯಿಂದ ತಂದಿರೋ ಇನ್‌ಕಮ್ ಸರ್ಟಿಫಿಕೇಟ್ ಇದೆ, ಸ್ಕಾಲರ್‌ಶಿಪ್‌ಗೆ ಅಂತ ಮಾಡ್ಸಿದ್ದು. ಅದೇ ಹಾಕ್ಬೋದಾ?

ತುಮಕೂರಿಂದ_ಓಹಾಯೋ:

ಹಾಕ್ಬೋದು, ಆದ್ರೆ ಅಲ್ಲೇ ಇರೋದು ಹುಷಾರಾಗಿರ್ಬೇಕಾದ ಜಾಗ. ಆ ಸರ್ಟಿಫಿಕೇಟಲ್ಲಿ ವರ್ಷಕ್ಕೆ ಎಷ್ಟು ಅಂತ ಬರೆಸಿರ್ತಾರೆ ನಮ್ಗೆಲ್ಲ ಗೊತ್ತು. ನೀನು ಸಿಎಸ್‌ಎಸ್‌ಲಿ ಅದೇ ನಂಬರ್ ಹಾಕಿ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಗೂಡು ತಗೊಂಡಿದ್ದು ನೂಲು ಮಾರಿದ್ದು ಲಕ್ಷಗಟ್ಟಲೆ ಓಡಾಡಿದ್ರೆ ಅವ್ರಿಗೆ ತಲೆ ಕೆಡತ್ತೆ. ವಹಿವಾಟು ಬೇರೆ, ಲಾಭ ಬೇರೆ ಅನ್ನೋದು ಅಮೆರಿಕದಲ್ಲಿ ಕೂತೋರಿಗೆ ತಾನಾಗೇ ತಿಳಿಯಲ್ಲ. ಅಪ್ಪನ ಜೊತೆ ಕೂತು ಗೂಡಿಗೆ ಎಷ್ಟು, ಕೂಲಿಗೆ ಎಷ್ಟು, ಸೌದೆ ಕರೆಂಟಿಗೆ ಎಷ್ಟು, ಉಳಿದಿದ್ದೆಷ್ಟು ಅಂತ ಒಂದು ಹಾಳೇಲಿ ನಿಜವಾದ ಲೆಕ್ಕ ಬರೆದು, ಐಟಿ ರಿಟರ್ನ್ ಯಾಕಿಲ್ಲ ಅಂತನೂ ಎರಡು ಸಾಲು ಹಾಕಿ ಅಟ್ಯಾಚ್ ಮಾಡು. ಸರ್ಟಿಫಿಕೇಟಿನ ಅಂಕಿ ಇದಕ್ಕೆ ತಾಳೆ ಆಗಲ್ಲ ಅಂದ್ರೆ ಹೊಸದಾಗಿ ಸರಿಯಾಗಿ ಮಾಡಿಸ್ಕೋ. ಮತ್ತೆ ಈಗ ಏಡ್ ಬೇಡ ಅಂತ ಹಾಕಿ ಸೀಟ್ ಸಿಕ್ಕಿದ್ಮೇಲೆ ಕೇಳೋಣ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕೇಳ್ಬೇಡ, ಹೊರದೇಶದವ್ರಿಗೆ ಬಹಳ ಕಡೆ ಆಮೇಲೆ ಕೇಳೋಕೆ ಬಿಡಲ್ಲ, ನಾಲ್ಕು ವರ್ಷನೂ.

ಚಿಂತಾಮಣಿ_ಅಕ್ಕ:

ಇದಕ್ಕೆಲ್ಲ ನವೆಂಬರ್ 1 ಒಳಗೆ ಆಗ್ಲಿಲ್ಲ ಅಂದ್ರೆ ಗಾಬರಿ ಬೇಡ, ಅರ್ಲಿ ಡಿಸಿಷನ್ ಎರಡನೇ ರೌಂಡ್ ಅಂತ ಎಷ್ಟೋ ಕಾಲೇಜಲ್ಲಿ ಜನವರಿ ಮೊದಲ ವಾರದ ಆಸುಪಾಸಲ್ಲಿ ಇರತ್ತೆ, ಬೋಡಿನಲ್ಲೂ ಇದೆ. ಅಷ್ಟೊತ್ತಿಗೆ ಮಿಡ್‌ಟರ್ಮ್ ಮಾರ್ಕ್ಸೂ ಕೈಗೆ ಬಂದಿರತ್ತೆ. ಬೋಡಿನಲ್ಲಿ ಹತ್ತರಲ್ಲಿ ಒಬ್ರಿಗೂ ಸೀಟ್ ಸಿಗಲ್ಲ ಅನ್ನೋದೂ ಗೊತ್ತಿರ್ಲಿ, ಅದೊಂದನ್ನೇ ನಂಬ್ಕೊಂಡು ಕೂರ್ಬೇಡ. ಬೆಂಗಳೂರಲ್ಲಿ ಎಜುಕೇಶನ್‌ಯುಎಸ್‌ಎ ಸೆಂಟರ್ ಇದೆ, ಅಮೆರಿಕ ಸರ್ಕಾರದ್ದೇ ಏರ್ಪಾಡು, ಎರಡು ಲಕ್ಷ ಕೇಳೋರ ಹತ್ರ ಹೋಗೋಕ್ ಮುಂಚೆ ಅಲ್ಲಿಗೆ ಹೋಗು.

ಶಿಡ್ಲಘಟ್ಟ_ಪಿಸಿಎಂಸಿ:

ಸರಿ ಅಕ್ಕ. ಈ ಭಾನುವಾರ ಬ್ಲೂಬುಕ್ ಟೆಸ್ಟ್ ಬರೀತೀನಿ, ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ. ಮೇಷ್ಟ್ರೇ, ಪ್ರೆಡಿಕ್ಟೆಡ್ ಮಾರ್ಕ್ಸ್ ಲೆಟರ್ ಹೆಂಗಿರತ್ತೆ ಅಂತ ಒಂದು ಮಾದರಿ ಇದ್ರೆ ಕಳಿಸ್ತೀರಾ, ನಮ್ಮ ಪ್ರಿನ್ಸಿಪಾಲ್ ಸರ್‌ಗೆ ತೋರಿಸ್ಬೇಕು.

ಕೋಲಾರ_ಪಿಯು_ಮೇಷ್ಟ್ರು:

ಹೆಸರು ರಿಜಿಸ್ಟರ್ ನಂಬರ್ ಅಳಿಸಿ ಒಂದು ಹಾಕ್ತೀನಮ್ಮ. ನಿಮ್ಮ ಪ್ರಿನ್ಸಿಪಾಲ್‌ಗೆ ಬೇಕಿದ್ರೆ ನನ್ನ ಜೊತೆ ಫೋನಲ್ಲಿ ಮಾತಾಡಕ್ಕೆ ಹೇಳು, ನಂಬರ್ ಇಲ್ಲಿ ಹಾಕಲ್ಲ, ಮೆಸೇಜಲ್ಲಿ ಕೊಡ್ತೀನಿ.